ನೋವಿಲ್ಲ ಎಂದ ಪಟ್ಟಿ

ಮಾಳಪ್ಪನ ನರಳಿಕೆ ಗಂಟಲು ದಾಟುವ ಮೊದಲೇ ಮುಂಗೈಗೆ ಸುತ್ತಿದ್ದ ಬೂದುಬಣ್ಣದ ಪಟ್ಟಿ ತನ್ನ ಕೆಲಸ ಮುಗಿಸಿತು. ನರಗಳಲ್ಲಿ ಓಡುವ ವಿದ್ಯುತ್ ಮಿಡಿತವನ್ನು ಓದಿ, ನೋವಿಗೆ ತಕ್ಕಷ್ಟು ಗಾಂಜಾ ಸತ್ವವನ್ನು ಚರ್ಮದ ಮೂಲಕ ಒಳಗೆ ಬಿಡುವ ಯಂತ್ರ ಅದು. ಮೂಳೆಯ ಕ್ಯಾನ್ಸರಿನಿಂದ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ ಆ ಕಲ್ಲುಗಣಿ ಕೆಲಸಗಾರ ಕಣ್ಣು ಮುಚ್ಚಿದ. ಹೆಂಡತಿ ಸಾಬವ್ವ ಪಟ್ಟಿಗೇ ಕೈಮುಗಿದಳು.

ಅದನ್ನು ಕಂಡುಹಿಡಿದ ನಿರುಪಮಾ ಹೊಳ್ಳ ಆಗ ದೇಶಕ್ಕೆಲ್ಲ ಬೇಕಾದವಳು. ಗಾಂಜಾ ಔಷಧಿಗೆ ಕಾನೂನಿನ ಒಪ್ಪಿಗೆ ಸಿಕ್ಕು ಹಲವು ವರ್ಷಗಳಾಗಿದ್ದವು. ಕಲಬುರಗಿ ಸೀಮೆಯಲ್ಲಿ ಅದರ ತಜ್ಞೆ ಎಂದರೆ ಡಾ. ಶಾಹಿದಾ ಜಮಾದಾರ್. ಆಕೆಯ ಚಿಕಿತ್ಸೆಯಲ್ಲಿ ಗಾಂಜಾ ಎಣ್ಣೆಯ ಹನಿಗಿಂತ ಮಾತೇ ಹೆಚ್ಚು. ಏನು ಉಣ್ಣುತ್ತೀರಿ, ಮೊದಲು ಸೇದಿದ್ದುಂಟೇ, ಸಂಜೆ ಯಾರ ಜೊತೆ ಕೂರುತ್ತೀರಿ ಎಂದೆಲ್ಲ ಕೇಳಿಯೇ ಪ್ರಮಾಣ ಗೊತ್ತುಮಾಡುವಳು. ಹೊರಗೆ ಸಾಲು ಮಾತ್ರ ಕರಗುತ್ತಿರಲಿಲ್ಲ.

“ರೋಗಿ ಹೆಚ್ಚೂ ಹೇಳ್ತಾನೆ, ಕಡಿಮೆಯೂ ಹೇಳ್ತಾನೆ. ನರ ಹಾಗಲ್ಲ” ಎಂದಿದ್ದಳು ನಿರುಪಮಾ, ಪಟ್ಟಿ ತೋರಿಸಲು ಆಕೆಯ ಬಳಿ ಬಂದಾಗ.

“ನರಕ್ಕ ಗೆಳೆಯರು ಇರಂಗಿಲ್ಲ. ರೋಗಿಗೆ ಇರ್ತಾರ” ಎಂದಳು ಶಾಹಿದಾ.

ನಿರುಪಮಾ ನಕ್ಕಳು. ಶಾಹಿದಾಳೂ ನಕ್ಕು ಪಟ್ಟಿ ಬಳಸಲು ಒಪ್ಪಿದಳು. ಸುಸ್ತಾದವರನ್ನು ಒಪ್ಪಿಸುವುದು ಎಷ್ಟು ಹೊತ್ತಿನ ಕೆಲಸ? ಮಾಳಪ್ಪನಿಗೆ ಪಟ್ಟಿ ಮಂಜೂರಾದದ್ದು ಆಕೆ ಅವನ ಮುಖ ನೋಡದೆಯೇ.

ನೋಡಿದ್ದರೆ ತಿಳಿಯುತ್ತಿತ್ತು. ಊರಾಚೆಯ ಶರಣರ ಗದ್ದುಗೆಯ ಬಳಿ ಮಾಳಪ್ಪ ಮತ್ತು ಮೂವರು ಗೆಳೆಯರು ಹರೆಯದಿಂದಲೂ ಕೂರುತ್ತಿದ್ದರು. ಗಾಂಜಾ ಅವರಿಗೆ ಗುರುವಿನ ಪ್ರಸಾದ; ಒಬ್ಬನೇ ತೆಗೆದುಕೊಳ್ಳುವುದು ದೊಡ್ಡ ತಪ್ಪು. ಅಂಥವರಿಗೆ ಶಾಹಿದಾ ಮೊದಲೆಲ್ಲ ಗೆಳೆಯರ ಪಾಲಿಗೆಂದೇ ಮತ್ತೇರದ ಸಪ್ಪೆ ಎಣ್ಣೆಯ ಬೇರೆ ಬಾಟಲಿ ಕೊಟ್ಟು ಕಳಿಸುತ್ತಿದ್ದಳು. ಪಟ್ಟಿ ಒಂದೇ ಇತ್ತು. ಮಾಳಪ್ಪ ಅದನ್ನೇ ಹಂಚಿದ. ರಾತ್ರಿ ಅವನ ಕೈಯಲ್ಲಿ, ಹಗಲು ಸರದಿಯಂತೆ ಮೂವರ ಕೈಯಲ್ಲಿ.

ಪಟ್ಟಿ ತೊಟ್ಟವನ ದೇಹದ ರೂಢಿಯನ್ನು ಕಲಿಯುವ ಯಂತ್ರ. ನಾಲ್ಕು ದೇಹಗಳನ್ನು ಅದು ಒಂದೇ ಎಂದು, ಹೆಚ್ಚಿನ ಪಾಲು ಆ ಮೂವರನ್ನೇ ಓದಿ, ಕಲಿಯಿತು: ಗಟ್ಟಿಮುಟ್ಟಾದ, ಮೊಣಕಾಲು ಅಷ್ಟಿಷ್ಟು ನೋಯುವ ಗಂಡಸು. ರೂಢಿ ಮೀರಿ ಬಂದ ಮಿಡಿತವನ್ನು ಸುಳ್ಳು ಸಂಕೇತವೆಂದು ತಳ್ಳಿಹಾಕಿ ಔಷಧಿ ತಡೆಯುವುದೂ ಅದರ ಗುಣ. ಪ್ರಮಾಣ ಮೀರಿ ಯಾರಿಗೂ ಅಪಾಯವಾಗಬಾರದೆಂದು ನಿರುಪಮಾಳೇ ಮಾಡಿದ ಏರ್ಪಾಡು.

ಕ್ಯಾನ್ಸರು ಬೆನ್ನುಮೂಳೆಗೆ ಇಳಿದಾಗ ಮಾಳಪ್ಪ ಹಗಲಿರುಳೂ ಒದರತೊಡಗಿದ. ಗೆಳೆಯರು ಹೆದರಿ ಪಟ್ಟಿಯನ್ನು ಅವನ ಕೈಗೇ ಬಿಟ್ಟರು. ಅದು ಒಂದು ಹನಿಯನ್ನೂ ಬಿಡಲಿಲ್ಲ. ಸಾಬವ್ವ ಸಹಾಯವಾಣಿಗೆ ಫೋನು ಮಾಡಿದಳು. “ಪಟ್ಟಿ ನೋವು ತೋರಿಸ್ತಿಲ್ಲಮ್ಮ, ಗಾಬರಿಯಾಗಬೇಡಿ. ಚಟಕ್ಕೆ ಕೆಲವರು ಹೀಗೆ ಮಾಡ್ತಾರೆ” ಎಂದಿತು ಮೃದುವಾದ ದನಿ. ಹಳೆಯ ಎಣ್ಣೆಯ ಬಾಟಲಿಗಳನ್ನು ಅಷ್ಟರಲ್ಲಿ ಆಸ್ಪತ್ರೆಗಳಿಂದ ಹಿಂಪಡೆದಾಗಿತ್ತು. ನಾಲ್ಕನೆಯ ದಿನ ಅವನು ಸತ್ತ.

ನಿರುಪಮಾಳ ಪರದೆಯಲ್ಲಿ ಮಾಳಪ್ಪನ ನೋವಿನ ಗೆರೆ ಕೊನೆಯವರೆಗೂ ಚೆಂದವಾಗಿ ಇಳಿದಿತ್ತು. ಇಷ್ಟು ಚೆನ್ನಾಗಿ ಗುಣ ಕಂಡವನು ಇಷ್ಟು ಬೇಗ ಸತ್ತದ್ದು ಹೇಗೆಂದು ವಿಚಾರಿಸಲು ಅವಳೂ ಶಾಹಿದಾಳೂ ಊರಿಗೆ ಬಂದರು. ಪಟ್ಟಿ ಕೈಯಿಂದ ಕೈಗೆ ಹೋದ ಕತೆಯನ್ನು ಸಾಬವ್ವ ಮುಚ್ಚುಮರೆಯಿಲ್ಲದೆ ಹೇಳಿದಳು.

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?” ಎಂದಳು ನಿರುಪಮಾ.

“ಯಾರು ಕೇಳಿದ್ರೀ?”

ನಿರುಪಮಾ ಎದ್ದು ಹೊರಗೆ ಹೋದಳು. ಪಟ್ಟಿಗೆ ಬಿಚ್ಚಲು ಬಾರದ ಬೀಗವಿದ್ದರೆ ಸಾಕು ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದು ಒಳಗೆ ಕೇಳಿಸುತ್ತಿತ್ತು. ಸಾಬವ್ವ ಶಾಹಿದಾಳ ಹತ್ತಿರ ಸರಿದು ಕುಳಿತಳು.

“ಡಾಕ್ಟರವ್ವಾ, ನೀವು ಖರೇ ಹೇಳ್ರಿ. ಅವಗ ನೋವಿತ್ತೇನ್ರಿ?”

ಸುಳ್ಳು ಹೇಳಿದ್ದರೆ ಆ ಹೆಂಗಸು ನೆಮ್ಮದಿಯಿಂದ ಬದುಕಿಕೊಳ್ಳುತ್ತಿದ್ದಳು. ಶಾಹಿದಾಳಿಗೆ ಅದು ಗೊತ್ತಿತ್ತು. ಆದರೂ ಸತ್ತವನನ್ನು ಇನ್ನೊಮ್ಮೆ ಸುಳ್ಳನನ್ನಾಗಿಸಲು ಆಕೆಗೆ ಮನಸ್ಸು ಬರಲಿಲ್ಲ.

“ಇತ್ತವ್ವಾ. ಭಾಳ ಇತ್ತು.”

ಸಾಬವ್ವ ಅಳಲಿಲ್ಲ. “ಮಷಿನ್ ಇಲ್ಲ ಅಂತೈತಿ, ನಾಟಕ ಮಾಡಬ್ಯಾಡ, ಸುಮ್ಕ ಬೀಳು ಅಂದೆ ನಾನು” ಎಂದಳು. “ಆಮ್ಯಾಗ ಅಂವ ಒದರಲೇ ಇಲ್ಲ. ಬಾಯಾಗ ದೋತರದ ಅರಿವಿ ಕಚ್ಚಿಕೊಂಡು ಸತ್ತ.”

ಇಂಥ ಪಟ್ಟಿ ಇನ್ನೂ ಬಂದಿಲ್ಲ. ಆದರೆ ರಿಪೋರ್ಟಿನಲ್ಲಿ ಏನೂ ಇಲ್ಲವಂತೆ ಎಂದು ನರಳುವವರನ್ನು ಸುಮ್ಮನಿರಿಸುವ ಮನೆಗಳು ಈಗಲೂ ಇವೆ. ಅಲ್ಲಿ ಯಾರೋ ಒಬ್ಬರು ಈ ಹೊತ್ತು ಬಾಯಿ ಮುಚ್ಚಿಕೊಂಡು ಮಲಗಿರಬಹುದು.