ಜೂಜಿನ ಬಿಲ್ಲೆಗಳ ಕಪಾಟು

ಇದು ತೊಂಬತ್ಮೂರರ ಬೇಸಿಗೆಯಲ್ಲಿ, ಐಗಳಿಯ ನಮ್ಮ ಮನೆಯಲ್ಲೇ ನಡೆದದ್ದು. ನನ್ನ ಗಂಡ, ನಮ್ಮ ಯಜಮಾನರಾದ ಮುರಗೆಪ್ಪನವರಿಗೆ, ಕ್ಯಾಸಿನೊದಲ್ಲಿ ಹಣದ ಬದಲು ಪಣಕ್ಕಿಡುವ ಹಳೆಯ ಬಿಲ್ಲೆಗಳನ್ನು ಕೂಡಿಹಾಕುವ ಹುಚ್ಚು. ದ್ರಾಕ್ಷಿ ತೋಟಕ್ಕೆ ನೀರು ಬಿಡುವುದನ್ನೂ ಮರೆತು, ಬಂದವರಿಗೆಲ್ಲ ಅವುಗಳ ಪುರಾಣ ಹೇಳುತ್ತಿದ್ದರು. "ಖೋಟಾ ಬಿಲ್ಲಿ ಬರಬಾರ್ದಂತ ಅಂಚಿಗೆ ಬ್ಯಾರೆ ಬಣ್ಣ ಕೂಡಸ್ತಿದ್ರು, ನೋಡ್ರಿ!" ಧೂಳು ಒರೆಸಿ ಒರೆಸಿ ನನಗೆ ಸಾಕಾಗಿತ್ತು.

ಗೋವಾದಲ್ಲಿ ತೀರಿಹೋದ ಜೂಜುಗಾರನೊಬ್ಬನ ಮನೆಯಿಂದ ಒಂದಷ್ಟು ಬಿಲ್ಲೆ ತಂದು ಕಪಾಟಿನಲ್ಲಿಟ್ಟರು. ಮರುದಿನ ಮಧ್ಯಾಹ್ನ, ಬೀಗ ಹಾಕಿದ ಕಪಾಟಿನೊಳಗೆ ಟಕ್, ಟಕ್ ಎಂದು ಬಿಲ್ಲೆ ಪೇರಿಸುವ ಸದ್ದು. ಇಲಿ ಎಂದುಕೊಂಡೆ. ನಿಲ್ಲಲೇ ಇಲ್ಲ. ತಲೆಕೆಟ್ಟು ಚೀರಿದೆ: "ಸಾಕ್ ಮಾಡ್ರಿ! ಇದು ಸಂಸಾರಸ್ಥರ ಮನಿ ಹೌದೋ ಅಲ್ಲೋ?"

ಸದ್ದು ನಿಂತಿತು. ಆಮೇಲೆ ಒಂದೇ ಒಂದು ಸಲ, ಮೆತ್ತಗೆ, ಟಕ್.

ಯಜಮಾನರು ಬಂದು ಜೇಬಿನಿಂದ ಕೀಲಿ ತೆಗೆದು ಕಪಾಟು ತೆರೆದರು. ಮಖಮಲ್ಲಿನ ಮೇಲೆ ಹರವಿಟ್ಟಿದ್ದ ಬಿಲ್ಲೆಗಳೆಲ್ಲ ಒಂದರ ಮೇಲೊಂದು ಪೇರಿಕೊಂಡು ಅಟ್ಟಿ ಅಟ್ಟಿಯಾಗಿ ನಿಂತಿದ್ದವು.

"ಯಾಕ್ ಮುಟ್ಟಿದಿ, ಅಕ್ಕವ್ವಾ?" ಎಂದು ನನಗೇ ಗದರಿದರು.

"ಕೀಲಿ ನಿಮ್ಮ ಕಿಸೇದಾಗ ಐತಲ್ರೀ!"

ಒಂದು ಅಟ್ಟಿ ಮಾತ್ರ ಬೇರೆಯಾಗಿ, ನಾನು ನಿಂತ ಕಡೆಗೆ ಸರಿದಿತ್ತು. ಮುಟ್ಟಿದೆ. ಆಗಷ್ಟೇ ಯಾರದೋ ಅಂಗೈಯಿಂದ ಇಳಿದಂತೆ ಬೆಚ್ಚಗಿತ್ತು.