ಅಳುವ ಹೆಲ್ಮೆಟ್

ಶನಿವಾರ ಬೆಳಿಗ್ಗೆ ಶಾಲೆಯ ಬಾಗಿಲು ತೆರೆದವರು ಕಂಡದ್ದು ಸತ್ತ ಹುಡುಗನ ಹೆಲ್ಮೆಟ್ ಅಳುತ್ತಿದ್ದುದನ್ನು. ನೆನಪಿಗೆಂದು ಅದನ್ನಿಟ್ಟಿದ್ದ ಮುಚ್ಚಿದ ಗಾಜಿನ ಪೆಟ್ಟಿಗೆಯ ಒಳಮೈಯಲ್ಲಿ ನೀರಹನಿಗಳು ಒಂದೊಂದಾಗಿ ಇಳಿಯುತ್ತಿದ್ದವು. ಆ ಹೆಲ್ಮೆಟ್ಟಿನ ಒಡೆಯ ಟ್ರಾವಿಸ್ ಅಮೆರಿಕನ್ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ಬಿದ್ದು ಮೈದಾನದಲ್ಲೇ ಸತ್ತು ಎಷ್ಟೋ ವರ್ಷವಾಗಿತ್ತು. ಟೆಕ್ಸಸ್ ಬಯಲಿನ ಆ ಪುಟ್ಟ ಊರಲ್ಲಿ ಸುದ್ದಿ ಗಾಳಿಗಿಂತ ಮೊದಲೇ ಎಲ್ಲರ ಮನೆ ತಲುಪಿತು.

ಮಧ್ಯಾಹ್ನ ಓಪಲ್ ಟ್ರಿಂಬಲ್ ಬಂದಳು. ಆಟಗಾರರ ಮೈಕೈ ನೋಡಿಕೊಳ್ಳುವ ಟ್ರೈನರ್‌ಗಳಿಗೆ ಲೈಸೆನ್ಸ್ ಕೊಡುವ, ತಪ್ಪು ಮಾಡಿದರೆ ಕಿತ್ತುಕೊಳ್ಳುವ ರಾಜ್ಯ ಮಂಡಳಿಯ ತನಿಖೆಗಾರ್ತಿ. ಸುಳ್ಳಿನ ವಾಸನೆ ಆಕೆಗೆ ಮೂರು ಜಿಲ್ಲೆ ಆಚೆಯಿಂದಲೇ ಬಡಿಯುತ್ತದೆಂದು ಆಕೆಯ ಕಾರು ಓಡಿಸುವ ವರ್ಜಿಲ್ ಹೋದಲ್ಲೆಲ್ಲ ಹೇಳುತ್ತಿದ್ದ. ದೆವ್ವದ ವಾಸನೆ ಮಾತ್ರ ಮೊದಲು ಅವನಿಗೇ ಬಡಿಯುತ್ತಿತ್ತು.

"ಅಮ್ಮೋರೆ, ನಾನು ಕಾರಲ್ಲೇ ಇರ್ತೀನಿ."

"ಬಾರಯ್ಯ. ನಿನ್ನ ಮುಖ ನೋಡಿದ್ರೆ ದೆವ್ವಾನೇ ಓಡಿ ಹೋಗುತ್ತೆ."

ಶಾಲೆಯ ಟ್ರೈನರ್ ರೆನಾಟಾ ಕೋವಾರ್ ಅತ್ತೂ ಅತ್ತೂ ಕಣ್ಣನ್ನು ಟೊಮೆಟೊ ಮಾಡಿಕೊಂಡಿದ್ದಳು.

"ನಿನ್ನೆ ಆಟದಲ್ಲಿ ಕೋಲ್ಬಿ ತಲೆಗೆ ಪೆಟ್ಟು ಬಿತ್ತು ಮೇಡಂ. ಕಣ್ಣು ತೇಲಿಸ್ತಿದ್ದ. ಹೆಲ್ಮೆಟ್ ಕಿತ್ಕೊಂಡೆ. ಟ್ರೈನರ್‌ಗಳೆಲ್ಲ ಹಾಗೇ ಮಾಡೋದು, ಅದಿಲ್ದೆ ಹುಡುಗ್ರು ವಾಪಸ್ ಆಟಕ್ಕೆ ಇಳಿಯೋ ಹಾಗಿಲ್ಲ. ಸ್ಪೇರ್ ಹೆಲ್ಮೆಟ್‌ಗಳನ್ನೂ ಸೇರಿಸಿ ಬೀರುಗೆ ಬೀಗ ಹಾಕ್ದೆ. ಇನ್ನೊಬ್ಬನ ಕಾಲಿಗೆ ಪಟ್ಟಿ ಸುತ್ತಿ ತಲೆ ಎತ್ತಿದ್ರೆ, ಇವನು ಹೆಲ್ಮೆಟ್ ಹಾಕ್ಕೊಂಡು ಮೈದಾನದಲ್ಲಿದಾನೆ. ಆಮೇಲೆ ಬಿದ್ದ."

ಕೋಲ್ಬಿಗೆ ಆಸ್ಪತ್ರೆಯಲ್ಲಿ ಎಚ್ಚರವಾಗಿತ್ತು, ಆದರೆ ನಿನ್ನೆಯ ಒಂದು ಗಳಿಗೆಯೂ ನೆನಪಿರಲಿಲ್ಲ. ಬಿದ್ದವನ ತಲೆಯಿಂದ ತೆಗೆದ ಹೆಲ್ಮೆಟ್ ಗಲಾಟೆಯಲ್ಲಿ ಕಾಣೆಯಾಗಿತ್ತು. ಬೀರು ತೆರೆದರೆ ಅವನ ಹೆಲ್ಮೆಟ್ ಒಳಗೇ ಇತ್ತು. ಬೀರುವಿನ ಕೀಲಿ ಇದ್ದದ್ದು ರೆನಾಟಾಳ ಹತ್ತಿರ ಮಾತ್ರ. ಅವಳೇ ಕೊಟ್ಟು, ಆಮೇಲೆ ಹೆದರಿ ಒಳಗಿಟ್ಟಳೆಂದು ಕೋಚ್ ಲ್ಯಾಸಿಟರ್ ದೂರು ಕೊಟ್ಟಿದ್ದ. ಅದು ನಿಜವಾದರೆ ಅವಳ ಲೈಸೆನ್ಸ್ ಹೋದಂತೆಯೇ. ಅರ್ಧ ಊರು ಕೋಚ್ ಮಾತು ನಂಬಿತ್ತು. ಇನ್ನರ್ಧ, ಟ್ರಾವಿಸ್ ತಾನೇ ಎದ್ದುಬಂದು ಹುಡುಗನನ್ನು ಮೈದಾನಕ್ಕೆ ಕರೆದೊಯ್ದ ಅನ್ನುತ್ತಿತ್ತು.

ಓಪಲ್ ಎಲ್ಲರನ್ನೂ ಗಾಜಿನ ಪೆಟ್ಟಿಗೆಯ ಮುಂದೆ ಕರೆಸಿದಳು. ಶಾಲೆಯ ಖಾಲಿ ಕಾರಿಡಾರಿನಲ್ಲಿ ಗಾಳಿ ಯಾರೋ ನರಳಿದಂತೆ ಸುಳಿಯುತ್ತಿತ್ತು. ಕೋಚ್ ಬಂದ. ಅವನ ಹಿಂದೆ ಮುದುಕ ಎಲ್ಮರ್ ಬಂದ, ಕೊರಳಲ್ಲಿ ಗಾಳಿ ತುಂಬುವ ಕೈಪಂಪು ನೇತಾಡಿಸಿಕೊಂಡು. ಒಂದು ಕಾಲದಲ್ಲಿ ಹುಡುಗರ ಗಾಯ, ಉಳುಕು ಎಲ್ಲ ನೋಡುತ್ತಿದ್ದವನು ಅವನೇ. ಟ್ರಾವಿಸ್ ಸತ್ತ ಮೇಲೆ, ಲೈಸೆನ್ಸ್ ಇಲ್ಲದವರು ಹುಡುಗರ ಮೈ ಮುಟ್ಟಬಾರದೆಂದು ರಾಜ್ಯ ಕಟ್ಟಳೆ ಮಾಡಿತು. ಅಂದಿನಿಂದ ಅವನ ಪಾಲಿಗೆ ಉಳಿದದ್ದು ಚೆಂಡಿಗೆ, ಹೆಲ್ಮೆಟ್ಟಿನ ಒಳಮೆತ್ತೆಗೆ ಗಾಳಿ ತುಂಬಿ, ಅವನ್ನು ಎತ್ತಿಡುವ ಕೆಲಸ.

ಪೆಟ್ಟಿಗೆಯ ಕೀಲಿ ಆಫೀಸಿನ ಮೊಳೆಯಲ್ಲಿ ತೂಗುತ್ತಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು. ಓಪಲ್ ಪೆಟ್ಟಿಗೆ ತೆರೆದು ಹೆಲ್ಮೆಟ್ಟಿನೊಳಗೆ ಕೈ ತೂರಿಸಿದಳು. ವರ್ಜಿಲ್ ಕಣ್ಣು ಮುಚ್ಚಿಕೊಂಡ.

"ಒದ್ದೆ."

"ಕಣ್ಣೀರಾ ಅಮ್ಮೋರೆ?"

"ಕಣ್ಣೀರು ಹಿಂಗೆ ನಾರಲ್ಲ ಕಣಯ್ಯ." ಆಕೆ ಒಳಗಿನ ಮೆತ್ತೆಯನ್ನು ಹೆಬ್ಬೆರಳಿಂದ ಒತ್ತಿದಳು. ಅದು ಪುಟಿದು ಮೇಲೆದ್ದಿತು. "ಕೋಚ್, ಕೋಲ್ಬಿ ಮತ್ತೆ ಮೈದಾನಕ್ಕೆ ಇಳಿಯುವಾಗ ನೀವ್ಯಾಕೆ ತಡೀಲಿಲ್ಲ?"

"ತಲೆ ಮೇಲೆ ಹೆಲ್ಮೆಟ್ ಇತ್ತಲ್ಲಮ್ಮ. ಟ್ರೈನರ್ ಒಪ್ಪಿದಾಳೆ ಅಂತಲೇ ಅದರ ಅರ್ಥ."

"ಹ್ಞೂಂ. ಕೊಟ್ಟವರಿಗೂ ಅದು ಗೊತ್ತಿತ್ತು. ಈಗ ಕೇಳಿ. ಗಾಜು ಬೆವೆತದ್ದು ಒಳಗೆ ಹಸಿ ಬೆವರಿನ ಹೆಲ್ಮೆಟ್ ಇಟ್ಟು ಮುಚ್ಚಿದ್ದಕ್ಕೆ. ನಿನ್ನೆ ಕೋಲ್ಬಿ ತಲೇಲಿ ಇದ್ದದ್ದು ಇದೇ. ಬಣ್ಣ ಒಂದೇ, ದೂರದಿಂದ ಯಾರಿಗೆ ಗೊತ್ತಾಗುತ್ತೆ? ರೆನಾಟಾನೇ ಕೊಡೋದಾಗಿದ್ರೆ ಬೀರು ತೆಗೆದು ಅವನದನ್ನೇ ಕೊಡ್ತಿದ್ಲು. ಸತ್ತವನ ಹೆಲ್ಮೆಟ್ ಬೇಕಾಗಿದ್ದು ಬೀರುವಿನ ಕೀಲಿ ಇಲ್ದವರಿಗೆ. ಅವಳ ಲೈಸೆನ್ಸ್ ಅವಳ ಹತ್ತಿರಾನೇ ಇರುತ್ತೆ."

ರೆನಾಟಾ ಗೋಡೆಗೆ ಒರಗಿದಳು.

"ಹಾಗಾದ್ರೆ ನಾನಾ?" ಕೋಚ್ ಕೇಳಿದ.

"ನೀವು ಮೈದಾನದ ಗೆರೆ ಹತ್ರ ಬೊಬ್ಬೆ ಹೊಡೀತಿದ್ದದ್ದು ಪಕ್ಕದ ರಾಜ್ಯಕ್ಕೂ ಕೇಳಿರುತ್ತೆ. ನೀವು ಈ ಕಾರಿಡಾರಿಗೆ ಬಂದಿಲ್ಲ. ಇಷ್ಟು ವರ್ಷ ಸುಮ್ನೆ ಕೂತ ಹೆಲ್ಮೆಟ್‌ನ ಮೆತ್ತೇಲಿ ಗಾಳಿ ಉಳಿಯಲ್ಲ. ತಲೇಲಿ ನಿಲ್ಲಬೇಕಂದ್ರೆ ಹೊಸದಾಗಿ ತುಂಬ್ಬೇಕು. ಯಾರೋ ತುಂಬಿದಾರೆ. ಬಿದ್ದ ಹೆಲ್ಮೆಟ್ ಎತ್ಕೊಂಡು ಹೋದ್ರೂ ಯಾರೂ ಯಾಕೆ ಅಂತ ಕೇಳದೆ ಇರೋದು ಒಬ್ಬರನ್ನೇ."

ಎಲ್ಲರ ಕಣ್ಣೂ ಪಂಪಿನ ಮೇಲಿತ್ತು. ಎಲ್ಮರ್ ಅದನ್ನು ಕೊರಳಿಂದ ತೆಗೆದು ನೆಲಕ್ಕಿಟ್ಟ.

"ಹುಡುಗ ಬಂದು ಗೋಗರೆದ. ಬೀಗ ಹಾಕ್ಬಿಟ್ಟಿದಾಳೆ ತಾತ ಅಂದ. ಲೈಸೆನ್ಸ್ ಕಾಗದ ಹಿಡ್ಕೊಂಡು ಬಂದವರಿಗಿಂತ ನನಗೆ ಜಾಸ್ತಿ ಗೊತ್ತು ಅಂದ್ಕೊಂಡೆ. ಕಣ್ಣು ನೋಡ್ದೆ. ಬೆರಳು ತೋರಿಸ್ದೆ. ಸರಿಯಾಗೇ ಎಣಿಸ್ದ ಅಮ್ಮ."

ಓಪಲ್ ಗಾಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

"ಟ್ರಾವಿಸ್‌ಗೂ ಹಾಗೇ ಬೆರಳು ತೋರಿಸಿದ್ರಾ?"

ಮುದುಕ ಗಾಜಿನೊಳಗಿನ ಹೆಲ್ಮೆಟ್ಟಿನತ್ತ ನೋಡಿದ. ಗಾಳಿ ನಿಂತುಹೋಗಿತ್ತು.

"ಅವನೂ ಸರಿಯಾಗೇ ಎಣಿಸಿದ್ದ," ಅಂದ.