ಎರಡು ಎಡತೋಳಿನ ಅಂಗಿ

"ರೀ, ನನ್ನ ಬಲಗೈಗೆ ಏನೋ ಆಗಿದೆ..."

ಹೊಲಿಗೆಯಂಗಡಿಯ ಕನ್ನಡಿ ಮುಂದೆ, ಎದುರುಗಡೆಯ ಕನ್ನಡಕದಂಗಡಿಯವನು ಹೊಸ ಅಂಗಿ ತೊಟ್ಟು ನಿಂತಿದ್ದ. ಕೈ ಚಾಚಿದರೆ ಭುಜದ ಹತ್ತಿರ ಬಟ್ಟೆ ಜಗ್ಗುತ್ತಿತ್ತು.

ಹೊಲಿದವಳು ನೋಡಿದಳು. ಎರಡೂ ಎಡತೋಳು! ಇಷ್ಟು ವರ್ಷದ ಕಸುಬಿನಲ್ಲಿ ಇಂಥ ತಪ್ಪು ಮಾಡಿರಲಿಲ್ಲ.

ತಪ್ಪೆಲ್ಲ ಇವನದೇ ಅಂದುಕೊಂಡಳು. ದಿನಾ ಮಧ್ಯಾಹ್ನ ಗಿರಾಕಿಗಳಿದ್ದರೂ ಶಟರ್ ಎಳೆದು, ಮಹಡಿ ಮೇಲಿನ ಡ್ಯಾನ್ಸ್ ಟೀಚರ್ ಹತ್ತಿರ ಹೋಗುತ್ತಾನೆ. ಅರ್ಧ ಗಂಟೆಗೆ ಇಳಿದು ಬರುತ್ತಾನೆ... ಕೆದರಿದ ಕೂದಲು, ಮುದುರಿದ ಅಂಗಿ, ಮುಖದ ತುಂಬಾ ಕಳೆ. ಯಾರಿಗೆ ಹೊಟ್ಟೆ ಉರಿಯುವುದಿಲ್ಲ ಹೇಳಿ.

ಆ ಟೀಚರಮ್ಮನ ನಡು ಎಷ್ಟು ಸಣ್ಣ... ಅಳತೆ ತೆಗೆದವಳೂ ನಾನೇ!

ಸಂಕಟ ಮರೆಯಲು ಬಂದ ಕೆಲಸವನ್ನೆಲ್ಲ ಒಪ್ಪಿಕೊಂಡಿದ್ದಳು. ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ ತೆರೆಯದೆ ಮನೆಗೆ ವಾಪಸ್ಸಾಗುತ್ತಿತ್ತು. ಈಚೆಗೆ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಬಿಚ್ಚಿಕೊಡಿ, ಸರಿ ಮಾಡ್ತೀನಿ. ನೀವು ಹೊರಡಿ, ಹೊತ್ತಾಯ್ತು. ಮಹಡಿ ಮೇಲೆ ಕಾಯ್ತಿರ್ತಾರೆ."

"ಯಾರು?"

"ಯಾರೋ! ನನಗೆ ಕಣ್ಣು ಚೆನ್ನಾಗೇ ಕಾಣುತ್ತೆ. ನಿಮ್ಮ ಕನ್ನಡಕ ಬೇಡ."

ಅವನು ಬೆಪ್ಪಾದ. ಆಮೇಲೆ ನಕ್ಕ. ಅಷ್ಟರಲ್ಲಿ ಅವಳು ಜೋಮು ಹಿಡಿದ ಬೆರಳನ್ನು ಕತ್ತರಿಯ ಹಿಡಿಗೆ ತೂರಿಸಲು ಒದ್ದಾಡುವುದು ಕಂಡು ಅವನ ನಗು ನಿಂತಿತು.

"ಅವಳು ನಮ್ಮ ದೊಡ್ಡಮ್ಮನ ಮಗಳು, ನನಗೆ ಅಕ್ಕ. ಮಧ್ಯಾಹ್ನ ಹಾಲ್ ಖಾಲಿ ಇರುತ್ತೆ. ಚಾಪೆ ಹಾಸ್ಕೊಂಡು ನಿದ್ದೆ ಹೊಡೀತೀನಿ."

"ನಿದ್ದೆ...?"

"ಹಿಂದೆ ನಾನೂ ನಿಮ್ಮ ಹಾಗೇ ದುಡೀತಿದ್ದೆ. ಒಂದಿನ ಒಬ್ಬ ಅಜ್ಜಿಗೆ ಎಡಗಣ್ಣಿನ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿಬಿಟ್ಟೆ. ಪಾಪ, ಮೆಟ್ಟಿಲು ತಪ್ಪಿ ಬಿದ್ರು. ಅವತ್ತಿಂದ ಆ ಅರ್ಧ ಗಂಟೆ ಯಾರಿಗೂ ಕೊಡಲ್ಲ."

ಅವಳು ಎಡತೋಳನ್ನೇ ತೊಟ್ಟ ಅವನ ಬಲಗೈ ನೋಡಿದಳು. ನಾಚಿಕೆಯಾಯಿತು. ಕಣ್ಣೂ ತುಂಬಿತು.

"ಮೊದಲೇ ಹೇಳ್ಬಾರ್ದಿತ್ತಾ?"

"ನೀವು ತಲೆ ಎತ್ತಿದ್ರೆ ತಾನೆ? ಅಂಗಿ ಮೇಲೆ ಅಂಗಿ ಹೊಲಿಸ್ತಾ ಇದೀನಿ. ನಾನೇನು ಶೋಕಿಲಾಲನಾ? ಅಳತೆ ತಗೊಳ್ಳೋವಾಗಾದ್ರೂ ನನ್ನ ಮುಖ ನೋಡ್ತೀರೇನೋ ಅಂತ..."

"ನೋಡ್ತಾನೇ ಇದ್ದೆ," ಅವಳ ದನಿ ಇಳಿಯಿತು. "ನೀವು ಮೆಟ್ಟಿಲು ಹತ್ತೋವಾಗೆಲ್ಲ."



ಅವಳು ಕತ್ತರಿ ಕೆಳಗಿಟ್ಟಳು. ಬಾಗಿಲಿಗೆ ಬಂದ ಗಿರಾಕಿಗೆ "ಅರ್ಧ ಗಂಟೆ ಬಿಟ್ಟು ಬನ್ನಿ" ಎಂದು ಹೇಳಿ, ಶಟರನ್ನು ಅರ್ಧಕ್ಕೆ ಎಳೆದಳು. ಹಗಲು ಹೊತ್ತಿನಲ್ಲಿ ಅದನ್ನು ಎಳೆದದ್ದು ಇದೇ ಮೊದಲು. ಆಮೇಲೆ ಊಟದ ಡಬ್ಬಿ ತೆರೆದಳು.

"ಅಮ್ಮ ಇಬ್ಬರಿಗಾಗೋವಷ್ಟು ಹಾಕಿರ್ತಾಳೆ. ಕೂತ್ಕೊಳ್ಳಿ."

"ನನ್ನ ನಿದ್ದೆ?"

"ಇವತ್ತೊಂದಿನ ಆ ಅರ್ಧ ಗಂಟೆ ನನಗೆ ಕೊಡ್ತೀರಾ?"

ಅವನು ಎರಡೂ ಎಡತೋಳುಗಳನ್ನು ಮಡಚಿಕೊಂಡು ಅವಳ ಪಕ್ಕದಲ್ಲಿ ಕೂತ.

"ಒಂದೇ ದಿನ ಸಾಕಾ?"